ಚಕ್ರವಿರುವ ಮನೆಗೆ ಗೃಹಪ್ರವೇಶ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದ ನಮ್ಮ ಹಿರಿಯರು ಬುದ್ಧಿವಂತರು, ಒಪ್ಪಿದೆ. ಆದರೆ ಚಕ್ರವಿರುವ ಮನೆಯ ಬಗ್ಗೆ ಅವರು ಒಂದೇ ಒಂದು ಮಾತನ್ನೂ ಹೇಳಿ ಹೋಗಲಿಲ್ಲವಲ್ಲ, ಅದೇ ನನ್ನ ದೂರು. ಮನೆಯಾದರೆ ಹೀಗೆ ಮಾಡು, ಗಾಡಿಯಾದರೆ ಹಾಗೆ ಮಾಡು ಎಂದು ಎಲ್ಲಕ್ಕೂ ಒಂದೊಂದು ಕ್ರಮ ಇಟ್ಟಿದ್ದಾರೆ. ಮನೆಯೂ ಹೌದು, ಗಾಡಿಯೂ ಹೌದು, ಸಾಲದ್ದಕ್ಕೆ ಸೋರುತ್ತದೆ, ಮೇಲಾಗಿ ಅಲ್ಲಾಡುತ್ತದೆ ಎಂದಾದರೆ ಏನು ಮಾಡಬೇಕು ಸ್ವಾಮಿ? ಮೊದಲೇ ನಾನು ಹುಟ್ಟಾ ಗೊಂದಲದ ಮನುಷ್ಯ. ಹೋಟೆಲಿನಲ್ಲಿ ಮಾಣಿ 'ಇಡ್ಲಿನಾ, ವಡೆನಾ?' ಎಂದು ಕೇಳಿದರೆ ಪಕ್ಕದ ಟೇಬಲ್ ತೋರಿಸಿ 'ಅವರಿಗೇನು ಕೊಟ್ರಿ?' ಎನ್ನುವ ಜಾತಿ. ಅಂಥವನ ಕೊರಳಿಗೆ ಈ ಟ್ರೇಲರ್ ಬಂದು ಬಿದ್ದದ್ದು ಯಾವ ಜನ್ಮದ ಋಣವೋ ನನಗೆ ಇನ್ನೂ ಗೊತ್ತಾಗಿಲ್ಲ.

ಟ್ರೇಲರ್ ಎಂದರೆ ಕಾರಿನ ಹಿಂದೆ ಕೊಂಡಿ ಹಾಕಿ ಎಳೆದುಕೊಂಡು ಹೋಗುವ ಪುಟ್ಟ ಮನೆ. ಒಳಗೆ ಮಡಚುವ ಹಾಸಿಗೆ, ಒಂದು ಒಲೆ, ಒಂದು ಸಿಂಕು, ಸಿಂಕಿನ ಕೆಳಗೆ ನೀರಿನ ಟ್ಯಾಂಕು, ಟ್ಯಾಂಕಿನಿಂದ ನಲ್ಲಿಗೆ ನೀರು ತಳ್ಳಲು ಅಂಗೈಯಗಲದ ಪಂಪು. ಹೊರಗೆ ನಡುವೆ ಎರಡು ಚಕ್ರ, ನಾಲ್ಕು ಮೂಲೆಗೆ ನಾಲ್ಕು ಕಬ್ಬಿಣದ ಕಾಲು. ಹ್ಯಾಂಡಲ್ ತಿರುಗಿಸಿದರೆ ಈ ಕಾಲುಗಳು ಇಳಿದು ನೆಲ ಮುಟ್ಟುತ್ತವೆ. ಇವಕ್ಕೆ ಜಾಕು ಎಂದು ಹೆಸರು. ಇಷ್ಟೂ ನನ್ನ ಸಹೋದ್ಯೋಗಿ ಹಯಾಶಿ ಸಾನ್ ಅವರ ಆಸ್ತಿ. ಅವರಿಗೆ ಒಸಾಕಾಕ್ಕೆ ವರ್ಗವಾಯಿತು. ಟೋಕಿಯೋ ಹೊರಗಿನ ಕಾಶಿವಾದಲ್ಲಿ ಒಕಾದಾ ಸಾನ್ ಎಂಬ ಅಜ್ಜಿಯ ಟರ್ನಿಪ್ ಗೆಡ್ಡೆಯ ಹೊಲದ ಅಂಚಿನಲ್ಲಿ ನಿಂತಿದ್ದ ಈ ಟ್ರೇಲರನ್ನು 'ನೀವು ಇಟ್ಟುಕೊಂಡರೆ ನನಗೆ ದೊಡ್ಡ ಉಪಕಾರ' ಎಂದು ನನ್ನೆದುರು ಬಾಗಿದರು. ಎದುರಿನವರು ಬಾಗಿದರೆ ನಾನೂ ಬಾಗುವುದು ಜಪಾನಿಗೆ ಬಂದ ಮೇಲೆ ಅಂಟಿಕೊಂಡ ಅಭ್ಯಾಸ. ನಾನು ಬಾಗಿದ್ದನ್ನು ಅವರು ಒಪ್ಪಿಗೆ ಎಂದುಕೊಂಡರು. ಹೀಗೆ ಅದು ನಮ್ಮದಾಯಿತು. ಎಳೆಯುವುದಕ್ಕೆ ನಮ್ಮಲ್ಲಿ ಕಾರಿಲ್ಲ. ಎತ್ತಿಲ್ಲದವನು ಗಾಡಿ ಕೊಂಡ ಹಾಗಾಯಿತು ಎಂದು ರೈಲಿನಲ್ಲಿ ಮನೆಗೆ ಬರುವಾಗ ದಾರಿಯುದ್ದಕ್ಕೂ ಯೋಚಿಸಿದೆ.

ನನ್ನ ಹೆಂಡತಿ ವಸುಧಾ ಮಾತ್ರ ಒಂದು ಕ್ಷಣವೂ ಗೊಂದಲಪಡಲಿಲ್ಲ. "ಎಳೆಯೋದು ಯಾಕ್ರೀ? ಇದು ನಮ್ಮನೆ" ಎಂದುಬಿಟ್ಟಳು. ಅವಳು ಹಾಗೆ ಹೇಳುವುದಕ್ಕೆ ಕಾರಣವಿತ್ತು. ಟೋಕಿಯೋದ ಫುನಾಬೊರಿಯಲ್ಲಿ ನಾವಿರುವುದು ಬಾಡಿಗೆ ಅಪಾರ್ಟ್‌ಮೆಂಟು. ಇಲ್ಲಿ ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಹೊಡೆದರೆ ಮನೆ ಬಿಡುವಾಗ ಆ ತೂತನ್ನು ಹುಡುಕಿ, ಬೆರಳಿಟ್ಟು ತೋರಿಸಿ, ಬಹಳ ಮರ್ಯಾದೆಯಿಂದ ನಿಮ್ಮ ಮರ್ಯಾದೆ ತೆಗೆಯುತ್ತಾರೆ. ಹಾಗಾಗಿ ಗಡಿಯಾರ, ಮದುವೆ ಫೋಟೋ, ಮಗಳು ಇಂಚರಾಳ ಚಿತ್ರಗಳು ಎಲ್ಲ ನಿಂತಿರುವುದು ಅಂಟಿನ ಹುಕ್ಕುಗಳ ಮೇಲೆ. ಮಳೆಗಾಲದ ಸೆಕೆಗೆ ಅಂಟು ಬಿಟ್ಟು ಒಂದೊಂದೇ ಬೀಳುತ್ತವೆ. ತವರಿನಿಂದ ಅವಳು ಸೀರೆಯಲ್ಲಿ ಸುತ್ತಿ ತಂದ ನಂಜುಂಡೇಶ್ವರನ ಪಟ, ಕಟ್ಟು, ಗಾಜು ಎಲ್ಲ ಸೇರಿ ಭಾರ. ಯಾವ ಹುಕ್ಕೂ ತಡೆಯಲಿಲ್ಲ. ಆತ ವರ್ಷಾನುಗಟ್ಟಲೆ ಮೈಕ್ರೋವೇವ್ ಮೇಲೆ ಗೋಡೆಗೊರಗಿ ನಿಂತಿದ್ದ. ನಾವು ಅನ್ನ ಬಿಸಿ ಮಾಡಿದಾಗಲೆಲ್ಲ ಅವನೂ ಸ್ವಲ್ಪ ನಡುಗುತ್ತಿದ್ದ. "ದೇವರಿಗೆ ಒಂದು ಮೊಳೆ ಇಲ್ಲದ ಮನೆ, ಅದೂ ಒಂದು ಮನೇನಾ?" ಎಂದು ವಸುಧಾ ಹಬ್ಬಹಬ್ಬಕ್ಕೂ ಹೇಳುತ್ತಿದ್ದಳು. ನಾನು "ನೋಡೋಣ" ಎನ್ನುತ್ತಿದ್ದೆ.

ಟ್ರೇಲರಿಗೆ ಕಾಲಿಟ್ಟ ಮೊದಲ ದಿನ ನಾನು ಟ್ಯಾಂಕಿಗೆ ನೀರು ತುಂಬಿ ಪಂಪ್ ಹಾಕಿ ನಲ್ಲಿ ತಿರುಗಿಸಿ ನೀರು ಬರುವುದನ್ನು ಮಗುವಿನ ಹಾಗೆ ನೋಡುತ್ತಿದ್ದರೆ, ಇವಳು ಬ್ಯಾಗಿನಿಂದ ಪಟವನ್ನೂ ಒಂದು ಮೊಳೆಯನ್ನೂ ತೆಗೆದಳು. ಸುತ್ತಿಗೆ ಇರಲಿಲ್ಲ, ಏಲಕ್ಕಿ ಕುಟ್ಟುವ ಕುಟ್ಟಾಣಿ ಇತ್ತು. ಸಿಂಕಿನ ಪಕ್ಕದ ಗೋಡೆ, ಪೂರ್ವ ದಿಕ್ಕು, ಟಕ್ ಟಕ್ ಟಕ್. ಪಟ ನೇತುಹಾಕಿ ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. ಅವಳ ಕಣ್ಣಲ್ಲಿ ನೀರಿತ್ತು. "ಯಾರನ್ನೂ ಕೇಳ್ದೆ ಹೊಡೆದ ಮೊಳೆ ರೀ ಇದು" ಎಂದಳು. ಅಲ್ಲೇ ನಿಂತು, ಇದಕ್ಕೆ ಗೃಹಪ್ರವೇಶ ಮಾಡಬೇಕು, ಹಾಲುಕ್ಕಿಸಬೇಕು, ನಾಲ್ಕು ಜನರನ್ನು ಕರೆಯಬೇಕು ಎಂದು ನಿರ್ಧಾರವಾಯಿತು. ನಾನು ಬಾಗದೇ ಇದ್ದರೂ ಅದು ನಿರ್ಧಾರವೇ.

ನನ್ನ ಗೊಂದಲ ಶುರುವಾದದ್ದು ಅಲ್ಲಿಂದ. ಮೈಸೂರಿನ ನಮ್ಮ ಜೋಯಿಸರಿಗೆ ವೀಡಿಯೋ ಕಾಲ್ ಮಾಡಿದೆವು. ನಾನು ಕ್ಯಾಮೆರಾ ತಿರುಗಿಸಿ ಒಳಗೆ ಹೊರಗೆ ತೋರಿಸಿದೆ. ಅವರು ಬಹಳ ಹೊತ್ತು ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಂಡು, "ಚಕ್ರ ಇದ್ರೆ ವಾಹನ ಕಣಯ್ಯ. ನಿಂಬೆಹಣ್ಣು ಹತ್ತಿಸಿ, ಕುಂಬಳಕಾಯಿ ಒಡೀರಿ" ಎಂದರು. "ಒಳಗೆ ಒಲೆ ಇದೆ ಜೋಯಿಸ್ರೇ" ಎಂದಳು ವಸುಧಾ. "ಒಲೆ ಇದ್ರೆ ಮನೆ. ಹಾಲುಕ್ಕಿಸಿ." "ಎರಡೂ ಇದ್ಯಲ್ಲ?" ಎಂದೆ ನಾನು. "ಹಾಗಾದ್ರೆ ಎರಡೂ ಮಾಡಿ, ದೇವ್ರು ಬೇಕಾದ್ದು ತಗೋತಾನೆ" ಎಂದು ಮುಹೂರ್ತ ಹೇಳಿ ಫೋನ್ ಇಟ್ಟುಬಿಟ್ಟರು. ನಿಂಬೆಹಣ್ಣಿನ ಮೇಲೆ ಗಾಡಿ ಹತ್ತಿಸಬೇಕೆಂದರೆ ಗಾಡಿ ಚಲಿಸಬೇಕು, ಎಳೆಯಲು ಕಾರಿಲ್ಲ. ಚಲಿಸದ ಚಕ್ರದ ಮುಂದೆ ನಿಂಬೆಹಣ್ಣು ಇಟ್ಟು ಸುಮ್ಮನೆ ನೋಡುತ್ತಾ ನಿಲ್ಲಬಹುದೇ ಎಂದು ಕೇಳಲು ಮತ್ತೆ ಫೋನ್ ಮಾಡಿದೆ. ಅವರು ಎತ್ತಲಿಲ್ಲ.

ಹಾಲು ಪೂರ್ವಕ್ಕೆ ಉಕ್ಕಿದರೆ ಶ್ರೇಷ್ಠ ಎಂದು ವಸುಧಾಳ ಅಮ್ಮ ಫೋನಿನಲ್ಲಿ ಹೇಳಿದರು. ಆ ಮಾತು ನನ್ನ ಕಿವಿಗೆ ಬೀಳಬಾರದಿತ್ತು. ನಾಲ್ಕು ಮೂಲೆಗೆ ನಾಲ್ಕು ಜಾಕಿರುವಾಗ ಪೂರ್ವವೇನು, ಯಾವ ದಿಕ್ಕು ಬೇಕೋ ಆ ದಿಕ್ಕು ಕೊಡುತ್ತೇನೆ ಎಂದು ಪಶ್ಚಿಮದ ಒಂದು ಮೂಲೆಯ ಜಾಕಿಗೆ ಹ್ಯಾಂಡಲ್ ಸಿಕ್ಕಿಸಿ ತಿರುಗಿಸಿದೆ, ತಿರುಗಿಸಿದೆ, ಟ್ರೇಲರಿನ ಸೊಂಟ ಎತ್ತಿಯೇ ಬಿಟ್ಟೆ. 'ಕಿರ್ರ್' ಎಂದು ಸದ್ದಾಯಿತು. ನೋಡಿದರೆ ಕಾಲು ಬಿಲ್ಲಿನಂತೆ ಬಾಗಿದೆ, ಹೊಲದ ಕಪ್ಪು ಮಣ್ಣಿನಲ್ಲಿ ಗೇಣುದ್ದ ಹೂತಿದೆ. ಆಮೇಲೆ ಹಯಾಶಿ ಸಾನ್ ಬಿಟ್ಟುಹೋದ ಜಪಾನಿ ಕೈಪಿಡಿಗೆ ಫೋನ್ ಹಿಡಿದು ಭಾಷಾಂತರ ಮಾಡಿಸಿದೆ. 'ಈ ಕಾಲುಗಳು ಭಾರ ಎತ್ತುವುದನ್ನು ವಿನಯದಿಂದ ನಿರಾಕರಿಸುತ್ತವೆ' ಎಂದು ಬಂತು. ನಿಂತಲ್ಲೇ ಅಲುಗಾಡದಂತೆ ಹಿಡಿಯುವುದಷ್ಟೇ ಅವುಗಳ ಕೆಲಸವಂತೆ, ಎತ್ತುವುದಲ್ಲ. ಇಷ್ಟು ವಿನಯದಿಂದ ನಿರಾಕರಿಸುವ ಬದಲು ಹ್ಯಾಂಡಲ್ಲಿನ ಮೇಲೇ ಕೆಂಪಕ್ಷರದಲ್ಲಿ 'ಎತ್ತಬೇಡವೋ ಮಂಕೇ' ಎಂದು ಬರೆದಿದ್ದರೆ ಏನು ಹೋಗುತ್ತಿತ್ತು?

ಅಂದಿನಿಂದ ಟ್ರೇಲರ್ ಮೂರು ಕಾಲಿನ ಮೇಲೆ ನಿಂತಿತು. ಒಳಗೆ ಒಬ್ಬರು ನಡೆದರೆ ಇನ್ನೊಬ್ಬರಿಗೆ ದೋಣಿಯಲ್ಲಿ ಕೂತ ಹಾಗಾಗುತ್ತಿತ್ತು. ಇಂಚರಾ ಮಾತ್ರ "ಪಪ್ಪಾ, ಜಿಶಿನ್! ಜಿಶಿನ್!" ಎಂದು ಭೂಕಂಪದ ಆಟವಾಡಿ, ಶಾಲೆಯಲ್ಲಿ ಕಲಿಸಿದಂತೆ ಮೇಜಿನ ಕೆಳಗೆ ತೂರಿಕೊಳ್ಳುತ್ತಿದ್ದಳು. ಇದರ ಜೊತೆಗೆ ಇನ್ನೊಂದು ಶುರುವಾಯಿತು. ನಲ್ಲಿಗಳೆಲ್ಲ ಬಂದ್ ಇದ್ದರೂ ಪಂಪು ಆಗಾಗ 'ಗುರ್ರ್' ಎನ್ನುತ್ತಿತ್ತು. ಎಲ್ಲೋ ನೀರು ಹೋಗುತ್ತಿದೆ ಎಂದೇ ಅದರರ್ಥ. ಬಗ್ಗಿ ನೋಡಿದರೆ ಟ್ರೇಲರಿನ ಹೊಟ್ಟೆಯಿಂದ, ಚಕ್ರದ ಪಕ್ಕಕ್ಕೆ, ತೊಟ್ ತೊಟ್.

ಬೆಂಗಳೂರಿನಲ್ಲಿದ್ದಾಗ ನನ್ನ ಪ್ಲಂಬಿಂಗ್ ಜ್ಞಾನವೆಂದರೆ ಪ್ಲಂಬರಿಗೆ ಫೋನ್ ಮಾಡುವುದು, ಅವನು 'ಐದೇ ನಿಮಿಷ ಸಾರ್, ಬಂದೆ' ಎನ್ನುವುದು, ಸಂಜೆಯವರೆಗೆ ಕಾಯುವುದು. ಇಲ್ಲಿ ಆ ಸುಖವಿಲ್ಲ. ಹಯಾಶಿ ಸಾನ್‌ಗೆ ಹೇಳೋಣವೆಂದು, ದೂರು ಎನ್ನಿಸಬಾರದೆಂದು ಬಹಳ ನಾಜೂಕಾಗಿ, 'ಸ್ವಲ್ಪ ನೀರು ಕಾಣಿಸಿಕೊಂಡಿದೆ' ಎಂದಷ್ಟೇ ಫೋನಿನಲ್ಲಿ ಹೇಳಿದೆ. ಮನುಷ್ಯ ಕಂಗಾಲಾಗಿ ಕ್ಷಮೆ ಕೇಳತೊಡಗಿದರು. ಅವರು ಕ್ಷಮೆ ಕೇಳಿದ್ದಕ್ಕೆ ನಾನು ಕ್ಷಮೆ ಕೇಳಿದೆ. ನನ್ನಿಂದ ಕ್ಷಮೆ ಕೇಳಿಸಿದ್ದಕ್ಕೆ ಅವರು ಇನ್ನೊಮ್ಮೆ ಕೇಳಿದರು. ಬಹಳ ಹೊತ್ತು ಮಾತಾಡಿ ಇಬ್ಬರೂ ಹಗುರಾದೆವು. ಫೋನ್ ಇಟ್ಟ ಮೇಲೆ ನೆನಪಾಯಿತು, ಪೈಪು ಎಲ್ಲೆಲ್ಲಿ ಹೋಗುತ್ತದೆ ಎಂದು ಕೇಳಿಯೇ ಇರಲಿಲ್ಲ. ಮತ್ತೆ ಫೋನ್ ಮಾಡಿದರೆ ಮತ್ತೆ ಕ್ಷಮೆಯಿಂದ ಶುರುವಾಗುತ್ತದೆ ಎಂದು ಸುಮ್ಮನಾದೆ.

ಸೋರಿಕೆಗೊಂದು ವಿಚಿತ್ರ ಗುಣವಿತ್ತು. ನಾನು ಟಾರ್ಚು ಹಿಡಿದು ಟ್ರೇಲರಿನ ಕೆಳಗೆ ಅಂಗಾತ ಮಲಗಿದರೆ ಒಂದು ಹನಿಯೂ ಇಲ್ಲ. ಎದ್ದು ಒಳಗೆ ಹೋಗಿ ಓಡಾಡಿದರೆ ಮತ್ತೆ ತೊಟ್ ತೊಟ್. ವಸುಧಾ ಒಳಗೆ ಪಾತ್ರೆ ತೆಗೆದಿಟ್ಟು ಮಾಡುವಾಗ ಸೋರುತ್ತದೆ. ಕೂತು ಹೂವು ಕಟ್ಟುವಾಗ ಸೋರುವುದಿಲ್ಲ. ಕೆಳಗಿನಿಂದ ನಾನು "ನಡಿ!" ಎಂದು ಕೂಗುವುದು, ಅವಳು ನಡೆಯುವುದು, ಹನಿ ನನ್ನ ಹಣೆಗೆ ಬೀಳುವುದು, ನಾನು "ನಿಲ್ಲು!" ಎನ್ನುವುದು. ಒಂದು ಶನಿವಾರವಿಡೀ ಹೀಗೇ ನಡೆಯಿತು. ಒಕಾದಾ ಸಾನ್ ಗುದ್ದಲಿ ಹಿಡಿದು ನಿಂತು ನೋಡಿದರು. ಅಜ್ಜಿಗೆ ನಾವೇನೋ ವ್ರತ ಮಾಡುತ್ತಿದ್ದೇವೆ ಅನ್ನಿಸಿರಬೇಕು. ಕೈ ಮುಗಿದು ಹೋದರು. ಮುಂದಿನ ಶನಿವಾರ ಮನೆ ರಿಪೇರಿ ಸಾಮಾನು ಮಾರುವ ಹೋಮ್ ಸೆಂಟರಿಗೆ ಹೋದೆ. ಅದು ಪೈಪಿನ ತುಂಡುಗಳದ್ದೇ ಒಂದು ಊರು. ಅಂಗಡಿಯ ಹುಡುಗಿ "ಯಾವ ಅಳತೆ?" ಎಂದು ಕೇಳಿದಳು. ಕಿರುಬೆರಳು ತೋರಿಸಿದೆ. "ಒಳಗಿನ ಅಳತೆಯೋ, ಹೊರಗಿನದೋ?" ಎಂದಳು. "ಸುಮಿಮಾಸೆನ್" ಎಂದು ಕ್ಷಮೆ ಕೇಳಿ ಒಂದು ಉರುಳೆ ಟೆಫ್ಲಾನ್ ಟೇಪು ಹಿಡಿದುಕೊಂಡು ಬಂದೆ. ಕಣ್ಣಿಗೆ ಕಂಡ ಜಾಯಿಂಟಿಗೆಲ್ಲ ಸುತ್ತಿದೆ. ಸೋರದ ಜಾಯಿಂಟಿಗೂ ಸುತ್ತಿದೆ, ಅದಕ್ಕೂ ಬೇಜಾರಾಗಬಾರದಲ್ಲ. ಸೋರುವುದು ಸೋರುತ್ತಲೇ ಇತ್ತು. ವಸುಧಾ ಟೀ ತಂದುಕೊಟ್ಟು, "ಪಾಪ, ಎಷ್ಟು ಕಷ್ಟಪಡ್ತೀರಾ" ಎಂದಳು. ಅಷ್ಟು ಮೃದುವಾಗಿ ಅವಳು ಮಾತಾಡಿ ವರ್ಷಗಳಾಗಿತ್ತು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಮುಹೂರ್ತ ಹತ್ತಿರ ಬಂತು. ಅಲ್ಲಾಡುವ, ಸೋರುವ ಮನೆಗೆ ಜನ ಕರೆದು ಹಾಲುಕ್ಕಿಸಿದರೆ, ಫುನಾಬೊರಿಯ ಅಷ್ಟೂ ಕನ್ನಡದ ಮನೆಗಳಲ್ಲಿ ಅದೇ ಮಾತಾಗುತ್ತದೆ. ನನ್ನ ಮಾತು ಬಿಡಿ. ವಸುಧಾ 'ನಮ್ಮನೆ' ಎಂದು ಎಲ್ಲರಿಗೂ ಬಾಯಿತುಂಬಾ ಹೇಳಿಕೊಂಡಿದ್ದಳು. ಅವಳ ಮುಖ ಸಪ್ಪಗಾಗುವುದನ್ನು ನೋಡಲು ನನಗೆ ಧೈರ್ಯವಿರಲಿಲ್ಲ. ನೀರು ಕೈಗೆ ಸಿಗುತ್ತಿಲ್ಲ, ಕಾಲನ್ನಾದರೂ ಹಿಡಿಯೋಣ ಎಂದು ಜಾಕಿಗೆ ಹೊರಟೆ. ಬಾಗಿದ ಕಾಲು ಬಿಚ್ಚಿ ಹೊಸದು ತರಿಸಿ ಕೂರಿಸಿದೆ. ಚಕ್ರದ ಹಿಂದೆ ಮುಂದೆ ಕಟ್ಟಿಗೆಯ ತುಂಡು ಕೊಟ್ಟೆ. ಜಾಕುಗಳು ಮಣ್ಣಿನಲ್ಲಿ ಹೂತುಹೋಗದಿರಲು ಕೆಳಗೆ ಹಲಗೆ ಬೇಕು. ಮೂರಕ್ಕೆ ತರಕಾರಿ ಹೆಚ್ಚುವ ಹಲಗೆಗಳಾದವು. ನಾಲ್ಕನೆಯದಕ್ಕೆ ಅತ್ತೆ ಕಳಿಸಿದ್ದ ಹಿತ್ತಾಳೆ ಹೂವಿನ ಮಣೆಗೆ ಕೈ ಹಾಕಿದೆ. "ರೀ! ಮಣೆ ಮೇಲೆ ಕೂರೋದು ಮದುಮಗ. ಜಾಕಲ್ಲ" ಎಂದು ಕಸಿದುಕೊಂಡಳು. ಒಕಾದಾ ಸಾನ್ ಕೊಟ್ಟ ಹಳೆಯ ಪೆಟ್ಟಿಗೆಯ ಹಲಗೆ ಆ ಸ್ಥಾನ ತುಂಬಿತು. ಈ ಸಲ ಎತ್ತಲಿಲ್ಲ. ಕಾಲು ನೆಲ ಮುಟ್ಟಿದ ಮೇಲೆ ಸ್ವಲ್ಪವೇ ಬಿಗಿದು ಬಿಟ್ಟೆ. ಒಳಗೆ ಹೋಗಿ ಕುಣಿದು ನೋಡಿದೆ. ಟ್ರೇಲರ್ ಅಲುಗಲಿಲ್ಲ. ಪಂಪು ಗುರ್ ಎನ್ನಲಿಲ್ಲ. ಹೊರಗೆ ಓಡಿ ಬಗ್ಗಿ ನೋಡಿದೆ, ಹನಿ ನಿಂತಿತ್ತು! ಜಾಕು ಸರಿಮಾಡಿದರೆ ಪೈಪು ಯಾಕೆ ಸರಿಯಾಗಬೇಕು? ನನಗೆ ಅರ್ಥವಾಗಲಿಲ್ಲ. ಆದರೆ ಅರ್ಥವಾದವನ ಹಾಗೆ, "ಎಲ್ಲಾ ಬ್ಯಾಲೆನ್ಸ್ ವಿಷಯ ಕಣೇ" ಎಂದು ಹೇಳಿ ಕೈ ಒರೆಸಿಕೊಂಡೆ. "ಹೌದಾ?" ಎಂದಳು ವಸುಧಾ. ಅವಳ ನೋಟ ಪಟದ ಕಡೆ ಇತ್ತು.

ಗೃಹಪ್ರವೇಶದ ದಿನ ಫುನಾಬೊರಿಯಿಂದ ಗೆಳೆಯ ಶ್ರೀಕಂಠ, ಅವನ ಹೆಂಡತಿ ಸುಮಾ ಬಂದರು. ಒಕಾದಾ ಸಾನ್ ಒಂದು ಕಟ್ಟು ಟರ್ನಿಪ್ ತೊಳೆದು, ಹಬ್ಬದ ಉಡುಪು ತೊಟ್ಟು ಬಂದರು. ಬಾಗಿಲಿಗೆ ತೋರಣ, ಚಕ್ರಕ್ಕೆ ನಿಂಬೆಹಣ್ಣು, ಒಲೆಯ ಮೇಲೆ ಹಾಲು. ಪೂರ್ವ ಯಾವುದು ಎಂದು ಕೊನೆಯ ಸಲ ಖಚಿತಪಡಿಸಿಕೊಳ್ಳಲು ನನ್ನ ಫೋನ್ ತೆಗೆದರೆ ಅದು ಒಂದು ಕಡೆ ತೋರಿಸಿತು, ಶ್ರೀಕಂಠನದು ಇನ್ನೊಂದು ಕಡೆ. "ಪಟಕ್ಕೆ ಹೂ ಹಾಕ್ರೀ, ಹಾಲು ಬಿಸಿಯಾಗ್ತಿದೆ" ಎಂದಳು ವಸುಧಾ. ಸೇವಂತಿಗೆ ಹಾರ ಹಿಡಿದು ನಂಜುಂಡೇಶ್ವರನಿಗೆ ಹಾಕಿದೆ. ಹಾರದ ಭಾರಕ್ಕೋ ನನ್ನ ಕೈಗುಣಕ್ಕೋ ಪಟ ಜಾರಿತು. ಎಡಗೈಯಲ್ಲಿ ಎದೆಗವಚಿ ಹಿಡಿದೆ. ಪಟದ ಜೊತೆಗೆ ಮೊಳೆಯೂ ಕೈಗೆ ಬಂತು. ಮೊಳೆಯಿದ್ದ ತೂತಿನಿಂದ 'ಚುಯ್' ಎಂದು ನೀರು ಹಾರಿ ನೇರ ನನ್ನ ಕನ್ನಡಕಕ್ಕೆ ಬಡಿಯಿತು.

ಬಲಗೈ ಹೆಬ್ಬೆರಳಿನಿಂದ ತೂತು ಮುಚ್ಚಿ ನಿಂತೆ. ಆಗ ಎಲ್ಲವೂ ಹೊಳೆಯಿತು. ಗೋಡೆಯ ಹಿಂದೆ ಪೈಪು, ಪೈಪಿನೊಳಗೆ ಮೊಳೆ. ಟ್ರೇಲರ್ ಅಲ್ಲಾಡಿದರೆ ಪಟ ಅಲ್ಲಾಡುತ್ತದೆ, ಪಟ ಅಲ್ಲಾಡಿದರೆ ಮೊಳೆ ಅಲ್ಲಾಡುತ್ತದೆ, ಮೊಳೆ ಅಲ್ಲಾಡಿದರೆ ನೀರು ಗೋಡೆಯೊಳಗೇ ಇಳಿದು ನನ್ನ ಹಣೆಗೆ ಬೀಳುತ್ತದೆ. ಅಯ್ಯೋ ದೇವರೇ! 'ಪಂಪ್ ಆಫ್ ಮಾಡಿ' ಎಂದು ಕೂಗಿದರೆ ಸಾಕಿತ್ತು. ಆದರೆ ಕೂಗಿದರೆ ಕಾರಣ ಹೇಳಬೇಕು. ನೀನು ಕಣ್ಣಲ್ಲಿ ನೀರು ತಂದುಕೊಂಡು ಹೊಡೆದ ಮೊಳೆಯಿಂದಲೇ ಇದೆಲ್ಲ ಎಂದು ಮುಹೂರ್ತದ ಹೊತ್ತಿನಲ್ಲಿ, ಜನರೆದುರು ಅವಳಿಗೆ ಹೇಗೆ ಹೇಳಲಿ? ಬಾಯಿ ಮುಚ್ಚಿಕೊಂಡು, ತೂತು ಮುಚ್ಚಿಕೊಂಡು, ದೇವರನ್ನು ಅಪ್ಪಿಕೊಂಡು ಗೋಡೆಗೆ ಕೈಯೂರಿ ನಿಂತೆ. ಕನ್ನಡಕದಿಂದ ನೀರಿಳಿಯುತ್ತಿತ್ತು. "ನೋಡ್ರೀ, ಎಂಥಾ ಭಕ್ತಿ! ಅಳ್ತಿದಾರೆ" ಎಂದು ಸುಮಾ ಗಂಡನಿಗೆ ಹೇಳಿ ವೀಡಿಯೋ ಮಾಡತೊಡಗಿದರು.

ಅಷ್ಟರಲ್ಲಿ ಹಾಲು ಏರಿ ಬಂತು. ಹಾಲು ಉಕ್ಕಿದರೆ ಒಲೆ ಆರಿಸುವುದು ಲೋಕದಲ್ಲಿ ಬುದ್ಧಿಯಿರುವವರೆಲ್ಲ ಮಾಡುವ ಕೆಲಸ. ಒಕಾದಾ ಸಾನ್ "ಅಬುನಾಯ್!" ಎಂದು ಅಪಾಯದ ಕೂಗು ಹಾಕಿ ಒಲೆಯ ತಿರುಪಿಗೆ ಕೈ ಚಾಚಿದರು. ವಸುಧಾ ಕಣ್ಣು ಮುಚ್ಚಿ ಕೈ ಮುಗಿದಿದ್ದಳು. ನನಗೆ ಕೈಯಿಲ್ಲ, ಒಂದರಲ್ಲಿ ದೇವರು, ಇನ್ನೊಂದರಲ್ಲಿ ನೀರು. "ಚೊತ್ತೊ ಮತ್ತೆ! ನಿಲ್ಲಿ! ಸ್ಟಾಪ್!" ಎಂದು ನನಗೆ ಬರುವ ಭಾಷೆಗಳಲ್ಲೆಲ್ಲ ಅರಚಿದೆ. ಅಜ್ಜಿ ಬೆಚ್ಚಿ ಕೈ ಹಿಂತೆಗೆದರು. ಹಾಲು ಭುಸ್ಸೆಂದು ಉಕ್ಕಿ ಸುರಿಯಿತು, ಎಲ್ಲ ದಿಕ್ಕಿಗೂ ಸುರಿಯಿತು, ಪೂರ್ವವೂ ಅದರಲ್ಲಿ ಒಂದು. ವಸುಧಾ ಕಣ್ಣು ಬಿಟ್ಟು ಅದನ್ನು ನೋಡಿದಾಗ ಅವಳ ಮುಖದಲ್ಲಿ ಬಂದ ಬೆಳಕಿಗಾಗಿ ನಾನು ಬೇಕಾದರೆ ಸಂಜೆಯವರೆಗೂ ಆ ತೂತು ಮುಚ್ಚಿಕೊಂಡು ನಿಲ್ಲುತ್ತಿದ್ದೆ.

ಅವಳು ಒಲೆ ಆರಿಸಿದಳು. ಆಮೇಲೆ ತೀರಾ ಸಹಜವಾಗಿ, ಸಿಂಕಿನ ಪಕ್ಕದ ಪಂಪಿನ ಸ್ವಿಚ್ಚನ್ನೂ ಆರಿಸಿದಳು. ನನ್ನ ಹತ್ತಿರ ಬಂದು ಪಿಸುಗುಟ್ಟಿದಳು. "ಇನ್ನು ಕೈ ತೆಗೀರಿ."

"ನಿಂಗೆ ಗೊತ್ತಿತ್ತಾ?"

"ಹೊಡೆದ ದಿನವೇ ಮೊಳೆ ಬುಡ ಒದ್ದೆ ಆಗಿತ್ತು."

"ಮತ್ತೆ ನಾನು ಅಷ್ಟು ದಿನ ಕೆಳಗೆ ಮಲಗಿದ್ದು?"

"ಹೇಳಿದ್ರೆ ಮೊಳೆ ಕಿತ್ತಾಕಿ, ಅಂಟಿನ ಹುಕ್ ಹಾಕೋಣ ಅಂತಿದ್ರಿ" ಎಂದಳು. ನನ್ನ ಅಂಗೈಯಿಂದ ಮೊಳೆ ತೆಗೆದುಕೊಂಡು, ಕುಟ್ಟಾಣಿ ಹಿಡಿದು, ಎಲ್ಲರೂ ನೋಡುತ್ತಿರುವಂತೆಯೇ ಅದೇ ತೂತಿಗೆ ಮತ್ತೆ ಹೊಡೆದಳು. ನನಗೆ ಸಿಟ್ಟು ಬಂತು. ಆಮೇಲೆ, ಹೌದಲ್ಲ, ನಾನು ಹಾಗೇ ಅನ್ನುತ್ತಿದ್ದೆ ಎಂದು ನಾಚಿಕೆಯಾಯಿತು. ಒಕಾದಾ ಸಾನ್ ಚಪ್ಪಾಳೆ ತಟ್ಟಿದರು. ಇದೂ ಪೂಜೆಯ ಭಾಗ ಎಂದುಕೊಂಡರೋ ಏನೋ.

ಮುಂದಿನ ವಾರ ಪೈಪು ದುರಸ್ತಿಗೆ ಕೂತೆ. ಮೊಳೆ ಕೀಳುವ ಮಾತೇ ಇಲ್ಲ. ನಮ್ಮೂರಲ್ಲಿ ರಸ್ತೆಯ ನಡುವೆ ಗುಡಿ ಬಂದರೆ ಗುಡಿ ಕದಲುವುದಿಲ್ಲ, ರಸ್ತೆಯೇ ಬಳಸಿಕೊಂಡು ಹೋಗುತ್ತದೆ. ಹಾಗೆಯೇ ಗೋಡೆಯ ಹಲಗೆ ಬಿಚ್ಚಿ, ತೂತಾದ ಪೈಪಿನ ತುಂಡು ಕತ್ತರಿಸಿ, ಮೊಳೆಯನ್ನು ಬಳಸಿಕೊಂಡು ಹೋಗುವಂತೆ ಹೊಸ ಪೈಪು ಹಾಕಿ ಎರಡು ಕಡೆ ಜಾಯಿಂಟು ಕೊಟ್ಟೆ. ಹೋಮ್ ಸೆಂಟರಿನ ಹುಡುಗಿಗೆ ಒಳಗಿನ ಅಳತೆ, ಹೊರಗಿನ ಅಳತೆ ಎರಡೂ ಹೇಳಿದೆ. ಹೆಮ್ಮೆಯಿಂದ ಹಯಾಶಿ ಸಾನ್‌ಗೆ ಫೋಟೋ ಕಳಿಸಿದೆ. ಅವರು ಕ್ಷಮೆ ಕೇಳಿದರು. ಈಗ ಮೊಳೆಯ ಬುಡ ಒಣಗಿದೆ. ನಂಜುಂಡೇಶ್ವರ ನಡುಗದೆ ನಿಂತಿದ್ದಾನೆ.

ಆದರೆ ನಾನು ಹಾಕಿದ ಜಾಯಿಂಟುಗಳಲ್ಲಿ ಒಂದು ಸಣ್ಣಗೆ ತೊಟ್ಟಿಕ್ಕುತ್ತಿದೆ. ಎಲ್ಲಿ, ಯಾಕೆ, ಯಾರಿಂದ ಎಂಬ ಗೊಂದಲ ಈ ಸಲ ಇಲ್ಲ. ವಸುಧಾಗೆ ಹೇಳಿಲ್ಲ. ಹೇಳಿದರೆ ಅದನ್ನು ಕಿತ್ತುಹಾಕಿಸಿ ಯಾರಾದರೂ ಬಲ್ಲವರ ಕೈಲಿ ಮಾಡಿಸೋಣ ಎನ್ನುತ್ತಾಳೆ. ಅದು ಆಗದ ಮಾತು. ಹುಟ್ಟಿದಾಗಿನಿಂದ ನಾನು ಯಾರಿಗೂ ಫೋನ್ ಮಾಡದೆ, ನನ್ನ ಕೈಯಾರೆ ಹಾಕಿದ ಮೊದಲ ಜಾಯಿಂಟು ಇದು. ಮೊನ್ನೆ ಅವಳು ಹೊರಗೆ ಒಕಾದಾ ಸಾನ್ ಜೊತೆ ಮಾತಾಡುತ್ತಿದ್ದಾಗ ಮೆಲ್ಲಗೆ ಹಲಗೆ ಸರಿಸಿ ಬಗ್ಗಿ ನೋಡಿದೆ. ಜಾಯಿಂಟಿನ ಕೆಳಗೆ, ಹನಿ ಬೀಳುವ ಜಾಗಕ್ಕೆ ಸರಿಯಾಗಿ, ಒಂದು ಸ್ಟೀಲ್ ಬಟ್ಟಲು ಇತ್ತು. ಅದನ್ನು ಅಲ್ಲಿಟ್ಟವನು ನಾನಲ್ಲ.